ಕೊಪ್ಪದಿಂದ ಗಾಜನೂರಿಗೆ: ಒಬ್ಬ ಗಾಯಕ ನಟನ ನೆಲವನ್ನರಸಿ

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 85 ಕಿಲೋಮೀಟರು ಸಾಗಿದ ಮೇಲೆ, ಹೊಗೆಸೊಪ್ಪಿನ ಹೊಲಗಳೂ ಸೊಪ್ಪನ್ನು ಬೇಯಿಸುವ ಬ್ಯಾರನ್‌ಗಳೂ ಹಿಂದೆ ಸರಿದು ಪಿರಿಯಾಪಟ್ಟಣ ತಾಲ್ಲೂಕಿನ ಅಂಚಿನ ಊರಾದ ಕೊಪ್ಪ ಎದುರಾಗುತ್ತದೆ. ಊರಿನ ಮಗ್ಗುಲಲ್ಲೇ ಕಾವೇರಿ ಹರಿಯುತ್ತಾಳೆ. ಸೇತುವೆಯನ್ನು ದಾಟಿದರೆ ಕುಶಾಲನಗರ, ಅಲ್ಲಿಂದಾಚೆ ಕೊಡಗು. ಮಡಿಕೇರಿಯ ಮಂಜಿಗೂ ಬೈಲುಕುಪ್ಪೆಯ ಬೌದ್ಧ ಮಂದಿರದ ಹೊಂಬಣ್ಣದ ಮೂರ್ತಿಗಳಿಗೂ ಮನಸೋತು ಬರುವ ಪ್ರವಾಸಿಗರು ಕೊಪ್ಪದಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನಿಲ್ಲುವರು. ಇಲ್ಲವೆ ಅಷ್ಟೂ ನಿಲ್ಲದೆ ಮುಂದೆ ಸಾಗುವರು.

ಆದರೆ ಈ ಸೇತುವೆಯ ಮೇಲೆ ಕ್ಷಣಕಾಲ ನಿಂತು ನೋಡುವುದು ಒಳ್ಳೆಯದು. ಕೊಡಗು 1956ನೆಯ ಇಸವಿ ನವೆಂಬರ್ 1ರವರೆಗೆ ಬೇರೆಯದೇ ರಾಜ್ಯವಾಗಿತ್ತು. ಈ ದಡದಲ್ಲಿ ಮೈಸೂರು ರಾಜ್ಯ ಮುಗಿಯುತ್ತಿತ್ತು, ಆ ದಡದಲ್ಲಿ ಕೊಡಗು ರಾಜ್ಯ ಮೊದಲಾಗುತ್ತಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಆ ದಿನ ಇಲ್ಲಿನ ಗಡಿ ಅಳಿಸಿಹೋಯಿತು. ಈಗ ಸೇತುವೆಯನ್ನು ದಾಟುವ ಯಾರಿಗೂ ತಾವು ಒಂದು ಕಾಲದ ರಾಜ್ಯದ ಎಲ್ಲೆಯನ್ನು ದಾಟಿದೆವೆಂಬ ಅರಿವಿರುವುದಿಲ್ಲ.

ಅದೇ ದಿನ, ಇದೇ ನಾಡಿನ ಇನ್ನೊಂದು ಮೂಲೆಯಲ್ಲಿ, ಇನ್ನೊಂದು ಗಡಿ ಅಳಿಯದೆ ಉಳಿಯಿತು. ಚಾಮರಾಜನಗರದ ದಕ್ಷಿಣಕ್ಕಿರುವ ತಾಳವಾಡಿಯ ಸೀಮೆ ಕನ್ನಡ ಮಾತಿನ ಊರುಗಳಿಂದ ತುಂಬಿದ್ದರೂ ಮದರಾಸು ರಾಜ್ಯದಲ್ಲೇ ನಿಂತಿತು. ಆ ಸೀಮೆಯ ಒಂದು ಹಳ್ಳಿ ಗಾಜನೂರು. ಕನ್ನಡ ನಾಡಿನ ಮನೆಮನೆಯ ಮಾತಾದ ಗಾಯಕ ನಟ ರಾಜಕುಮಾರರು ಹುಟ್ಟಿದ್ದು ಅಲ್ಲಿ. ಅಳಿದ ಗಡಿಯಿಂದ ಹೊರಟು ಉಳಿದ ಗಡಿಯವರೆಗೆ, ಈ ಕಲಾವಿದನ ಬಾಳನ್ನೂ ಸಂಸಾರವನ್ನೂ ಕಟ್ಟಿದ ಊರುಗಳನ್ನು ಒಂದೊಂದಾಗಿ ನೋಡುತ್ತ ಸಾಗುವುದೇ ಈ ಪ್ರವಾಸದ ಉದ್ದೇಶ. ಎರಡು ದಿನಗಳ ಬಿಡುವಿದ್ದರೆ ಸಾಕು, ಮನೆಮಂದಿಯೆಲ್ಲ ಹೊರಡಬಹುದು.

ಪಿರಿಯಾಪಟ್ಟಣ ಮತ್ತು ಹುಣಸೂರು

ಕೊಪ್ಪವನ್ನು ಬಿಟ್ಟೊಡನೆ ಬೈಲುಕುಪ್ಪೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ತರುವಾಯ, 1960ರ ದಶಕದ ಆರಂಭದಲ್ಲಿ ನೆಲೆ ತಪ್ಪಿದ ಟಿಬೆಟ್ಟಿನ ಜನರಿಗೆ ಮೈಸೂರು ಸರ್ಕಾರ ಇಲ್ಲಿ ನೆಲ ಕೊಟ್ಟಿತು. ಗುಡ್ಡದ ನಾಡಿನಿಂದ ಬಂದವರು ಈ ಬಯಲಿನಲ್ಲಿ ಮುಸುಕಿನ ಜೋಳ ಬಿತ್ತಿ, ಮಂದಿರ ಕಟ್ಟಿ, ತಮ್ಮ ಮಾತನ್ನೂ ಹಾಡನ್ನೂ ಉಳಿಸಿಕೊಂಡರು. ಮನುಷ್ಯನಿಗೆ ನೆಲ ಒಂದೆಡೆ, ನುಡಿ ಒಂದೆಡೆ ಆದಾಗ ಆತ ಏನನ್ನು ಹಿಡಿದುಕೊಳ್ಳುತ್ತಾನೆಂಬುದನ್ನು ಕಾಣಲು ಇದೂ ಒಂದು ಒಳ್ಳೆಯ ತಾಣ.

ಪಿರಿಯಾಪಟ್ಟಣವು ಚಂಗಾಳ್ವ ಅರಸರ ಊರು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಇಲ್ಲಿನ ಕೋಟೆ ಮೈಸೂರಿನ ವಶವಾಯಿತು. ಆ ಕಾಳಗದ ಕಥೆ ಜನಪದರ ಬಾಯಲ್ಲಿ ಹಾಡಾಗಿ ಉಳಿಯಿತು. ಕಂಠೀರವ ನರಸರಾಜರ ಪಾತ್ರವನ್ನು ರಾಜಕುಮಾರರು ‘ರಣಧೀರ ಕಂಠೀರವ’ ಚಿತ್ರದಲ್ಲಿ ವಹಿಸಿದ್ದು 1960ರಲ್ಲಿ. ಆಗ ಕನ್ನಡ ಚಿತ್ರಗಳ ತಯಾರಿಕೆಯೇ ಕುಂದಿ, ಕಲಾವಿದರ ಕೈಗೆ ಕೆಲಸವಿಲ್ಲದಂತಾಗಿತ್ತು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೆಲ್ಲ ಕೂಡಿ ಕಲಾವಿದರದೇ ಒಂದು ಸಂಘವನ್ನು ಕಟ್ಟಿಕೊಂಡು ಈ ಚಿತ್ರವನ್ನು ತಯಾರಿಸಿದರು. ಪರದೆಯ ಮೇಲಿನ ರಣಧೀರನ ಹಿಂದೆ, ನಾಳಿನ ಅನ್ನಕ್ಕಾಗಿ ತಾವೇ ಬಂಡವಾಳ ಹೊಂದಿಸಿಕೊಂಡ ನಟರಿದ್ದರು.

ಮುಂದಿನ ಊರು ಹುಣಸೂರು. ಲಕ್ಷ್ಮಣತೀರ್ಥದ ದಡದ ಈ ಊರಿನ ಹೆಸರನ್ನು ಚಿತ್ರಲೋಕಕ್ಕೆ ಒಯ್ದವರು ಹುಣಸೂರು ಕೃಷ್ಣಮೂರ್ತಿಗಳು. ರಂಗಭೂಮಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದ ಅವರು ನಟರು, ಗೀತರಚನಕಾರರು, ನಿರ್ದೇಶಕರು. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಬ್ರುವಾಹನ’ (1977) ಇವು ಅವರ ನಿರ್ದೇಶನದಲ್ಲಿ ರಾಜಕುಮಾರರು ನಟಿಸಿದ ಚಿತ್ರಗಳು. ಹರಿಶ್ಚಂದ್ರನ ಕಥೆಯಾಗಲಿ ಬಬ್ರುವಾಹನನ ಕಥೆಯಾಗಲಿ ಸಿನಿಮಾಕ್ಕೆ ಹೊಸತಾಗಿ ಹುಟ್ಟಿದ್ದಲ್ಲ. ನಾಟಕದ ಕಂಪನಿಗಳು ಊರೂರಿನ ಡೇರೆಗಳಲ್ಲಿ ವರ್ಷಗಟ್ಟಲೆ ಆಡಿ ಹದಗೊಳಿಸಿದ್ದ ಕಥೆಗಳು. ಅವನ್ನು ಬರೆಯಬಲ್ಲವನೂ ಆಡಬಲ್ಲವನೂ ಒಂದೇ ಗರಡಿಯಿಂದ ಬಂದವರಾಗಿದ್ದುದರಿಂದಲೇ ಆ ಚಿತ್ರಗಳಲ್ಲಿ ಮಾತು ಸಲೀಸಾಗಿ ಹಾಡಾಗುತ್ತದೆ, ಹಾಡು ಸಲೀಸಾಗಿ ಮಾತಾಗುತ್ತದೆ.

ಸಾಲಿಗ್ರಾಮದ ಮಗಳು

ಹುಣಸೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಕೃಷ್ಣರಾಜನಗರದ ಕಡೆಗೆ ತಿರುಗಿದರೆ ನೋಟವೇ ಬದಲಾಗುತ್ತದೆ. ಹೊಗೆಸೊಪ್ಪಿನ ಕೆಂಪು ನೆಲ ಹೋಗಿ ಕಾಲುವೆ ನೀರಿನ ಬತ್ತದ ಬಯಲು ಬರುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಮೇಲೆ ಕೋದಂಡರಾಮನ ಗುಡಿ. ಸಂಕ್ರಾಂತಿಯ ದಿನಗಳಲ್ಲಿ ಇಲ್ಲಿ ನೆರೆಯುವ ದನಗಳ ಜಾತ್ರೆ ಹೆಸರಾದದ್ದು. ಅಲ್ಲಿಂದ ಹತ್ತಿರದಲ್ಲೇ ಸಾಲಿಗ್ರಾಮ. ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ರಾಮಾನುಜಾಚಾರ್ಯರ ಶ್ರೀಪಾದತೀರ್ಥವೂ ಜೈನ ಬಸದಿಗಳೂ ಇಲ್ಲುಂಟು.

ಈ ಊರಿನ ಮಗಳು ಪಾರ್ವತಮ್ಮನವರು. ಜನನ 1939ರ ಡಿಸೆಂಬರ್ 6. ಇವರ ಮನೆತನಕ್ಕೂ ಗಾಜನೂರಿನ ಮನೆತನಕ್ಕೂ ಬಳಕೆಯಿತ್ತು, ಬಂಧುತ್ವವಿತ್ತು. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರಿಗೆ ಈ ಹುಡುಗಿಯನ್ನು ಸೊಸೆಯಾಗಿ ತಂದುಕೊಳ್ಳಬೇಕೆಂಬ ಆಸೆ. ಅವರು 1951ರಲ್ಲಿ ತೀರಿಕೊಂಡರು. ತಂದೆಯ ಇಚ್ಛೆಯಂತೆ 1953ರ ಜೂನ್ 25ರಂದು ನಂಜನಗೂಡಿನಲ್ಲಿ ಮದುವೆ ನಡೆಯಿತು. ವರನಿಗೆ ಇಪ್ಪತ್ತನಾಲ್ಕು ವರ್ಷ. ವಧುವಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಇಂದಿನ ಕಾಯಿದೆ ಇದನ್ನು ಒಪ್ಪದು. ಅಂದಿನ ಹಳ್ಳಿಯ ಬಾಳಿನಲ್ಲಿ ಅದು ನಿತ್ಯದ ಸಂಗತಿಯಾಗಿತ್ತು.

ಆ ಹುಡುಗಿ ಕೈಹಿಡಿದದ್ದು ಹೆಸರಾಂತ ಚಿತ್ರನಟನನ್ನಲ್ಲ ಎಂಬುದನ್ನು ನೆನಪಿಡಬೇಕು. ಆಗ ವರನು ನಾಟಕದ ಕಂಪನಿಯ ಒಬ್ಬ ನಟ, ಹೆಸರು ಮುತ್ತುರಾಜ. ‘ಬೇಡರ ಕಣ್ಣಪ್ಪ’ ಬಂದದ್ದು ಮದುವೆಯ ಮರುವರ್ಷ, 1954ರಲ್ಲಿ. ಅಲ್ಲಿಂದ ಸಂಸಾರ ಮದರಾಸಿಗೆ ಸಾಗಿತು. ಕನ್ನಡ ಚಿತ್ರಗಳೆಲ್ಲ ಅಲ್ಲಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲವದು. ಸಾಲಿಗ್ರಾಮದ ಬತ್ತದ ಬಯಲಿನಿಂದ ಹೋದ ಹೆಣ್ಣುಮಗಳು ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಭಾಷೆಯ ನಡುವೆ, ಬಂಧುಬಳಗ ತುಂಬಿದ ಕೂಡುಕುಟುಂಬವನ್ನು ನಡೆಸಬೇಕಾಯಿತು. ಶಿವರಾಜಕುಮಾರ್, ರಾಘವೇಂದ್ರ, ಪುನೀತ್ ಎಂಬ ಮೂವರು ಗಂಡುಮಕ್ಕಳು. ಲಕ್ಷ್ಮಿ, ಪೂರ್ಣಿಮಾ ಎಂಬ ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗ ಹುಟ್ಟಿದ್ದು 1962ರಲ್ಲಿ, ಕಿರಿಯ ಮಗ 1975ರಲ್ಲಿ, ಇಬ್ಬರೂ ಮದರಾಸಿನಲ್ಲೇ.

ಆದರೆ ಪಾರ್ವತಮ್ಮನವರನ್ನು ನಾಡು ಗುರುತಿಸಿದ್ದು ಗೃಹಿಣಿಯಾಗಿ ಮಾತ್ರವಲ್ಲ. 1975ರ ‘ತ್ರಿಮೂರ್ತಿ’ ಚಿತ್ರದೊಡನೆ ಅವರು ನಿರ್ಮಾಪಕಿಯಾದರು. ದೊಡ್ಡ ಓದು ಅವರಿಗೆ ದೊರೆತಿರಲಿಲ್ಲ. ಕಥೆಯ ಒಳಹೊರಗನ್ನು ಅರಿಯುವ ಬುದ್ಧಿ ದೊರೆತಿತ್ತು. ಹಣದ ಲೆಕ್ಕ, ಕಥೆಯ ಆಯ್ಕೆ, ಕಲಾವಿದರ ಆಯ್ಕೆ, ಚಿತ್ರದ ಹಂಚಿಕೆ ಎಲ್ಲವೂ ಅವರ ಕೈಗೆ ಬಂದವು. ಪುರುಷರದೇ ಆಡಳಿತವಾಗಿದ್ದ ಉದ್ಯಮದಲ್ಲಿ ಒಬ್ಬ ಹಳ್ಳಿಯ ಹೆಣ್ಣುಮಗಳು ಸೆರಗು ಹೊದ್ದು ಕುಳಿತು ವ್ಯವಹಾರ ನಡೆಸಿದ್ದು ಸಣ್ಣ ಮಾತಲ್ಲ. ವಾರಪತ್ರಿಕೆಗಳ ಧಾರಾವಾಹಿಗಳನ್ನೂ ಕಾದಂಬರಿಗಳನ್ನೂ ಓದುವ ಗೃಹಿಣಿಯರಿಗೆ ಅವರ ಬಗೆಗೆ ಇನ್ನೊಂದು ಅಕ್ಕರೆಗೂ ಕಾರಣವುಂಟು. ರಾಜಕುಮಾರರ ಒಳ್ಳೆಯ ಚಿತ್ರಗಳಲ್ಲಿ ಹಲವು ಕನ್ನಡ ಕಾದಂಬರಿಗಳಿಂದ ಹುಟ್ಟಿದವು. ಟಿ. ಕೆ. ರಾಮರಾಯರ ಕಾದಂಬರಿಯಿಂದ ‘ಬಂಗಾರದ ಮನುಷ್ಯ’ (1972) ಬಂದಿತು, ಎಚ್. ಜಿ. ರಾಧಾದೇವಿಯವರ ಕಾದಂಬರಿಯಿಂದ ‘ಅನುರಾಗ ಅರಳಿತು’ (1986) ಬಂದಿತು. ಸುಧಾರಾಣಿ, ಮಾಲಾಶ್ರೀ ಮೊದಲಾದ ನಟಿಯರು ನಾಯಕಿಯರಾಗಿ ಕನ್ನಡಿಗರ ಮುಂದೆ ಬಂದದ್ದು ಈ ಮನೆಯ ಚಿತ್ರಗಳಲ್ಲಿ.

ಮೈಸೂರಿನಲ್ಲಿ ‘ಶಕ್ತಿಧಾಮ’ವೆಂಬ ಆಶ್ರಯಧಾಮವಿದೆ. ನೊಂದ ಹೆಣ್ಣುಮಕ್ಕಳಿಗೆ ನೆರಳಾದ ಈ ಸಂಸ್ಥೆಯ ಏಳಿಗೆಗೆ ಪಾರ್ವತಮ್ಮನವರು ಕೊನೆಯವರೆಗೂ ದುಡಿದರು. ಹದಿನಾಲ್ಕು ತುಂಬುವ ಮೊದಲೇ ಮನೆಯ ಹೊರೆ ಹೊತ್ತ ಹೆಣ್ಣಿಗೆ ಇನ್ನೊಬ್ಬ ಹೆಣ್ಣಿನ ಹೊರೆ ತಿಳಿಯದೆ ಇರುತ್ತದೆಯೆ?

ಕಪಿಲೆಯ ದಡದಿಂದ ಮುತ್ತತ್ತಿಯ ಮಡುವಿಗೆ

ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರು. ಶ್ರೀಕಂಠೇಶ್ವರನ ಗೋಪುರ ದೂರದಿಂದಲೇ ಕಾಣುತ್ತದೆ. ಕಪಿಲೆಯ ಮೇಲಿನ ಹಳೆಯ ಕಲ್ಲುಸೇತುವೆ 1735ರದು. ಮದುವೆ, ಮುಂಜಿ, ಮುಡಿ, ಹರಕೆ ಎಂದು ಹಳೆಯ ಮೈಸೂರಿನ ಜನ ನಂಜನಗೂಡಿಗೆ ಬರುವುದು ಇಂದಿಗೂ ತಪ್ಪಿಲ್ಲ. ಸಾಲಿಗ್ರಾಮದ ಹೆಣ್ಣಿಗೂ ಗಾಜನೂರಿನ ಗಂಡಿಗೂ ಗಂಟು ಬಿದ್ದ ಊರಿದು. ಕಾವೇರಿಯ ಕಡೆಯವರೂ ಕಾಡಿನ ಸೀಮೆಯವರೂ ಸೇರಲು ಇದಕ್ಕಿಂತ ಸೂಕ್ತವಾದ ನಡುಮನೆ ಬೇರೊಂದಿಲ್ಲ.

ಇಲ್ಲಿಂದ ದಾರಿ ಎರಡಾಗುತ್ತದೆ. ನೇರ ಸಾಗಿದರೆ ಚಾಮರಾಜನಗರ. ಪೂರ್ವಕ್ಕೆ ಹೊರಳಿದರೆ ಕೊಳ್ಳೇಗಾಲದ ಸೀಮೆ. ಪುಟ್ಟಸ್ವಾಮಯ್ಯನವರ ಹೆಸರಿನ ಮುಂದೆ ಸೇರಿಕೊಂಡಿರುವ ಸಿಂಗಾನಲ್ಲೂರು ಇರುವುದು ಆ ಸೀಮೆಯಲ್ಲಿ. ಅಲ್ಲಿಂದ ಉತ್ತರಕ್ಕೆ, ಮಳವಳ್ಳಿ ತಾಲ್ಲೂಕಿನ ಕಾಡಿನೊಳಗೆ, ಕಾವೇರಿಯ ತಿರುವಿನಲ್ಲಿ ಮುತ್ತತ್ತಿ. ಅಲ್ಲಿನ ಆಂಜನೇಯನನ್ನು ಜನ ಮುತ್ತತ್ತಿರಾಯನೆಂದು ಕರೆಯುವರು. ಪುಟ್ಟಸ್ವಾಮಯ್ಯ ಲಕ್ಷ್ಮಮ್ಮ ದಂಪತಿಗಳಿಗೆ 1929ರ ಏಪ್ರಿಲ್ 24ರಂದು ಮಗ ಹುಟ್ಟಿದಾಗ ಆ ದೇವರ ಹೆಸರನ್ನೇ ಇಟ್ಟು ಮುತ್ತುರಾಜನೆಂದು ಕರೆದರು. ಕೊಪ್ಪದ ಮಗ್ಗುಲಲ್ಲಿ ಹರಿದ ನೀರೇ ಸಾಲಿಗ್ರಾಮದ ಬಯಲನ್ನು ಹಾದು ಮುತ್ತತ್ತಿಯ ಮಡುವಿಗೆ ಬರುತ್ತದೆ. ಹೆಂಡತಿಯ ತವರೂ ಗಂಡನ ಹೆಸರೂ ಒಂದೇ ಹೊಳೆಯ ದಡದವು.

ಇಲ್ಲಿ ಭೂಪಟವನ್ನು ಬಿಚ್ಚಿ ನೋಡಬೇಕು. 1956ಕ್ಕೆ ಮುಂಚೆ ಕೊಳ್ಳೇಗಾಲವೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದೇ. ತಾಳವಾಡಿಯ ಸೀಮೆಯೂ ಅದೇ ಜಿಲ್ಲೆಯದೇ. ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಬಂದಿತು; ತಾಳವಾಡಿ ಬರಲಿಲ್ಲ. ತಂದೆಯ ಹೆಸರಿನ ಊರು ಮೈಸೂರಿನ ಪಾಲಾಯಿತು, ಮಗ ಹುಟ್ಟಿದ ಊರು ಮದರಾಸಿನ ಪಾಲಾಗಿ ಉಳಿಯಿತು. ಒಂದೇ ಮನೆಯ ಎರಡು ತಲೆಮಾರುಗಳ ನಡುವೆ ರಾಜ್ಯದ ಗೆರೆಯೊಂದು ಹಾದುಹೋಯಿತು. ಆ ಹೊತ್ತಿಗೆ ‘ಬೇಡರ ಕಣ್ಣಪ್ಪ’ ಬಂದು ಎರಡು ವರ್ಷವಾಗಿತ್ತು. ಗೆರೆಯ ಆಚೆಗೆ ಹುಟ್ಟಿದವನು ಈಚೆಗಿನವರ ಕಣ್ಮಣಿಯಾಗತೊಡಗಿದ್ದ.

ಕಂಠವೇ ನಟನ ಬಂಡವಾಳ

ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಹಿರಣ್ಯಕಶಿಪು, ರಾವಣ, ಕಂಸ ಮುಂತಾದ ಉಗ್ರಪಾತ್ರಗಳಲ್ಲಿ ಅವರಿಗೆ ಹೆಸರಿತ್ತು. 1884ರಲ್ಲಿ ಆರಂಭವಾದ ಆ ಕಂಪನಿ ಒಂದು ಸಂಚಾರಿ ಊರಿನಂತಿತ್ತು. ನಟರು, ಅವರ ಹೆಂಡಿರು ಮಕ್ಕಳು, ಅಡಿಗೆಯವರು, ಪರದೆ ಬರೆಯುವವರು, ಹಾರ್ಮೋನಿಯಂ ಮೇಷ್ಟರು ಎಲ್ಲರೂ ಊರಿಂದೂರಿಗೆ ಒಟ್ಟಿಗೆ ಸಾಗುತ್ತಿದ್ದರು. ಮುತ್ತುರಾಜನ ಶಾಲೆಯ ಓದು ಕೆಳಗಿನ ತರಗತಿಗಳಲ್ಲೇ ನಿಂತಿತು. ಉಳಿದ ವಿದ್ಯೆಯೆಲ್ಲ ಕಂಪನಿಯಲ್ಲಿ. ತಮ್ಮ ವರದರಾಜನೂ ಅದೇ ದಾರಿ ಹಿಡಿದ. ಮುಂದೆ ಅಣ್ಣನ ವ್ಯವಹಾರಗಳಿಗೆ ಬೆನ್ನೆಲುಬಾಗಿ ನಿಂತವರು ಈ ವರದರಾಜರೇ.

ಕಂಪನಿಯ ನಾಟಕದಲ್ಲಿ ನಟನೆಂದರೆ ಗಾಯಕನೆಂದೇ ಅರ್ಥ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಕಂಠವೆತ್ತಿ ಕಂದ, ವೃತ್ತ, ರಂಗಗೀತೆಗಳನ್ನು ಹಾಡಬೇಕು. ಪ್ರೇಕ್ಷಕರು ಮತ್ತೊಮ್ಮೆ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ನಿಂತು ಹಾಡಬೇಕು. ಆದುದರಿಂದ ಉಸಿರಿನ ಹಿಡಿತ, ಸ್ಪಷ್ಟ ಉಚ್ಚಾರಣೆ, ಅಲ್ಪಪ್ರಾಣ ಮಹಾಪ್ರಾಣಗಳ ವಿವೇಚನೆ ಇವು ಆ ನಟರ ಮೈಗೂಡಿರುತ್ತಿದ್ದವು. ರಾಜಕುಮಾರರ ಬಾಯಲ್ಲಿ ಕನ್ನಡದ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳುತ್ತದೆಂದು ಹಿರಿಯರು ಹೇಳುವುದುಂಟು. ಅದು ಪುಸ್ತಕದಿಂದ ಬಂದದ್ದಲ್ಲ. ರಂಗದ ಮೇಲೆ ಸಾವಿರ ಸಲ ಹೇಳಿ ಬಂದದ್ದು.

ಚಿತ್ರರಂಗ ಬಂದು ಕಂಠವನ್ನೂ ದೇಹವನ್ನೂ ಬೇರೆ ಮಾಡಿತು. ಹಾಡನ್ನು ಮೊದಲೇ ಒಬ್ಬ ಗಾಯಕನಿಂದ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ನುಡಿಸಿ, ನಟನು ಅದಕ್ಕೆ ತುಟಿ ಕೂಡಿಸುವುದೇ ಹಿನ್ನೆಲೆ ಗಾಯನದ ಕ್ರಮ. ಎಚ್. ಎಲ್. ಎನ್. ಸಿಂಹರು ‘ಬೇಡರ ಕಣ್ಣಪ್ಪ’ಕ್ಕೆ ಮುತ್ತುರಾಜನನ್ನು ಆರಿಸಿ ರಾಜಕುಮಾರನೆಂದು ಹೆಸರಿಟ್ಟರು. ಹೆಸರು ಹೊಸತಾಯಿತು, ಬದುಕೂ ಹೊಸತಾಯಿತು; ಆದರೆ ರಂಗದ ಮೇಲೆ ತಾನೇ ಹಾಡುತ್ತಿದ್ದ ನಟನ ಕಂಠ ಮೌನವಾಯಿತು. 1956ರ ‘ಓಹಿಲೇಶ್ವರ’ದಲ್ಲಿ ಅವರು ಹಾಡಿದ್ದುಂಟು. ಅದನ್ನು ಬಿಟ್ಟರೆ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ಕಾಲ ಪರದೆಯ ಮೇಲಿನ ರಾಜಕುಮಾರರಿಗೆ ಮುಖ್ಯವಾಗಿ ಕಂಠವಾದವರು ಪಿ. ಬಿ. ಶ್ರೀನಿವಾಸರು. ಅವರ ಮೃದುವಾದ ಕಂಠವೂ ಇವರ ಮುಖವೂ ಎಷ್ಟು ಬೆರೆತವೆಂದರೆ, ಹಾಡುವವರು ಬೇರೆಯವರೆಂಬುದನ್ನೇ ಜನ ಮರೆತರು.

1974ರಲ್ಲಿ ಆ ಮೌನ ಮುರಿಯಿತು. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಒಂದು ಹಾಡಿತ್ತು. ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರು ಅದನ್ನು ರಾಜಕುಮಾರರಿಂದಲೇ ಹಾಡಿಸಿದರು. ಕಂಪನಿಯ ನಾಟಕದ ಗತ್ತು, ಹಳ್ಳಿಗನ ಹುಮ್ಮಸ್ಸು ಎರಡೂ ಆ ಕಂಠದಲ್ಲಿ ಹೊರಹೊಮ್ಮಿದವು. ನಾಡಿಗೆ ನಾಡೇ ಅದನ್ನು ಗುನುಗಿತು. ಅಂದಿನಿಂದ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ಅವರಿಗೆ ರೂಢಿಯಾಯಿತು. ನಲವತ್ತೈದರ ವಯಸ್ಸಿನಲ್ಲಿ ಗಾಯಕನಾಗಿ ಎರಡನೆಯ ಬಾರಿ ಹುಟ್ಟಿದವರಿಗೆ, 1992ರ ‘ಜೀವನಚೈತ್ರ’ ಚಿತ್ರದ ಹಾಡಿಗಾಗಿ ಅತ್ಯುತ್ತಮ ಹಿನ್ನೆಲೆ ಗಾಯಕನೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. 1983ರಲ್ಲಿ ಪದ್ಮಭೂಷಣವೂ 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂದವು. ನಟನೆಗಾಗಿ ಬಂದ ಗೌರವಗಳು ನೂರಾರು. ಆದರೆ ಕಂಠಕ್ಕಾಗಿ ಬಂದ ಆ ಒಂದು ಪ್ರಶಸ್ತಿ ಪುಟ್ಟಸ್ವಾಮಯ್ಯನವರ ಮಗನಿಗೆ ಸಂದ ಪ್ರಶಸ್ತಿ ಎನ್ನಬೇಕು.

ಗಡಿಯಾಚೆಯ ಕನ್ನಡ

ರೈಲುದಾರಿ ಚಾಮರಾಜನಗರದಲ್ಲಿ ಮುಗಿಯುತ್ತದೆ. ಅಲ್ಲಿಂದ ತಾಳವಾಡಿಗೆ ಬಸ್ಸು. ದಾರಿಯ ಇಕ್ಕೆಲಗಳ ಹೊಲ ಬದಲಾಗುವುದಿಲ್ಲ, ರಾಗಿಯ ತೆನೆ ಬದಲಾಗುವುದಿಲ್ಲ, ಹೊಲದಲ್ಲಿ ದನ ಹೊಡೆಯುವವನು ಬಿಡುವ ಕೂಗೂ ಬದಲಾಗುವುದಿಲ್ಲ. ಅಂಗಡಿಯ ಫಲಕದ ಲಿಪಿ ಮಾತ್ರ ಬದಲಾಗುತ್ತದೆ. ಈಗ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ ಒಂದು ಎತ್ತರದ ಸೀಮೆ. ಇಲ್ಲಿಂದ ತಮಿಳುನಾಡಿನ ಬಯಲಿಗೆ ಇಳಿಯಬೇಕಾದರೆ ಕಾಡಿನ ನಡುವೆ ದಿಂಬಂ ಘಾಟಿಯ 27 ತಿರುವುಗಳನ್ನು ಸುತ್ತಿಕೊಂಡು ಸತ್ಯಮಂಗಲಕ್ಕೆ ಹೋಗಬೇಕು. ತಮ್ಮ ರಾಜ್ಯದ ಪೇಟೆಗಿಂತ ನೆರೆರಾಜ್ಯದ ಪೇಟೆಯೇ ಇಲ್ಲಿನವರಿಗೆ ಹತ್ತಿರ. ಹೆಣ್ಣು ಕೊಡುವುದು ತರುವುದು ಚಾಮರಾಜನಗರದ ಕಡೆಗೆ. ತರಕಾರಿ ಮಾರುವುದೂ ಹಲವು ವೇಳೆ ಅದೇ ಕಡೆಗೆ. ದೀಪಾವಳಿ ಮುಗಿದೊಡನೆ ಗುಮಟಾಪುರದಲ್ಲಿ ಸಗಣಿಯ ಉಂಡೆಗಳನ್ನು ಎಸೆದಾಡುವ ಗೊರೆಹಬ್ಬಕ್ಕೆ ಎರಡೂ ರಾಜ್ಯದ ಜನ ನೆರೆಯುತ್ತಾರೆ. ಸಗಣಿಯ ಉಂಡೆ ಯಾವ ರಾಜ್ಯದವನ ಬೆನ್ನಿಗೆ ಬಡಿಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ತಾಳವಾಡಿಯ ಬಳಿಯಲ್ಲೇ ಗಾಜನೂರು. ದೊಡ್ಡ ಅರಮನೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಕಾಣುವುದು ಸಾಧಾರಣ ಒಕ್ಕಲುತನದ ಹಳ್ಳಿ, ಒಂದು ಹಳೆಯ ಮನೆ, ಹೊಲ, ತೋಟ, ಆಚೆಗೆ ಕಾಡಿನ ಅಂಚು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ ಅರಸನಾಗಿ, ಋಷಿಯಾಗಿ, ಗುಪ್ತಚರನಾಗಿ ಕಾಣಿಸಿಕೊಂಡವರು ಬಿಡುವು ದೊರೆತಾಗ ಬರುತ್ತಿದ್ದುದು ಇಲ್ಲಿಗೆ. ಬೆಂಗಳೂರಿನ ಸದಾಶಿವನಗರದಲ್ಲಿ ಮನೆಯಿದ್ದರೂ ತಮ್ಮ ಊರು ಯಾವುದೆಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ನಡೆದ ಚಳವಳಿಗೆ ಅವರು ಧುಮುಕಿದಾಗ ಕನ್ನಡ ನಾಡು ಎದ್ದು ನಿಂತಿತು. ಕನ್ನಡದ ಪರವಾಗಿ ಊರೂರಿನಲ್ಲಿ ಮಾತನಾಡಿದ ಆ ಮನುಷ್ಯನ ಹುಟ್ಟೂರು ಕರ್ನಾಟಕದ ಹೊರಗಿತ್ತೆಂಬುದು ಆಗ ಎಷ್ಟು ಮಂದಿಗೆ ಹೊಳೆಯಿತೋ ಹೇಳಲಾಗದು. ಗಡಿಯಲ್ಲಿ ಹುಟ್ಟಿದವನಿಗೆ ನುಡಿಯ ಬೆಲೆ ನಡುನಾಡಿನವನಿಗಿಂತ ಬೇಗ ತಿಳಿಯುತ್ತದೆ.

ಈ ಶಾಂತವಾದ ಊರಿಗೆ 2000ದ ಜುಲೈ 30ರ ರಾತ್ರಿ ಒಂದು ಕೇಡು ಬಂದಿತು. ತೋಟದ ಮನೆಯಲ್ಲಿದ್ದ ರಾಜಕುಮಾರರನ್ನೂ ಅಳಿಯ ಗೋವಿಂದರಾಜರನ್ನೂ ಇನ್ನಿಬ್ಬರನ್ನೂ ಕಾಡುಗಳ್ಳ ವೀರಪ್ಪನ್ ಸೆರೆಹಿಡಿದು ಕಾಡಿಗೆ ಒಯ್ದ. ಆಗ ಅವರಿಗೆ 71 ವರ್ಷ. ಆತನ ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿಯ ನೀರಿನ ಮಾತೂ ಇತ್ತು. ಯಾವ ಹೊಳೆ ಈ ಮನುಷ್ಯನಿಗೆ ಹೆಸರನ್ನೂ ಹೆಂಡತಿಯನ್ನೂ ಕೊಟ್ಟಿತ್ತೋ ಆ ಹೊಳೆಯ ನೀರಿನ ಹೆಸರಿನಲ್ಲೇ ಆತನನ್ನು ಒತ್ತೆ ಇಡಲಾಯಿತು. ಎರಡು ಸರ್ಕಾರಗಳು ದೂತರನ್ನು ಕಳುಹಿಸಿದವು. ನಾಡಿನಲ್ಲಿ ಅಂಗಡಿಗಳು ಮುಚ್ಚಿದವು, ಬಸ್ಸುಗಳು ನಿಂತವು, ಗುಡಿಗಳಲ್ಲಿ ಹರಕೆಗಳು ಏರಿದವು. ಪಾರ್ವತಮ್ಮನವರು ಪತ್ರಿಕೆಯವರ ಮುಂದೆ, ಮಂತ್ರಿಗಳ ಮುಂದೆ, ತಾಳ್ಮೆಗೆಡದೆ ದಿನ ಎಣಿಸಿದರು. ನವೆಂಬರ್ 15ರಂದು, 108 ದಿನಗಳ ತರುವಾಯ, ಬಿಡುಗಡೆಯಾಯಿತು. ಸ್ವಂತ ಮನೆಯ ಅಂಗಳದಿಂದಲೇ ಸೆರೆಯಾಗಿ ಹೋದದ್ದು ಆ ವನವಾಸಕ್ಕಿಂತಲೂ ಹೆಚ್ಚಿನ ನೋವೆಂದು, ಗಾಜನೂರಿನ ಆ ತೋಟದ ಕಡೆ ನೋಡುವಾಗ ಅನ್ನಿಸದೆ ಇರದು.

ಉಳಿದದ್ದು

ರಾಜಕುಮಾರರು 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂದು ನಗರದಲ್ಲಿ ಶೋಕವು ಗಲಭೆಗೂ ತಿರುಗಿ ಪ್ರಾಣಹಾನಿಯಾಯಿತು. ಅಭಿಮಾನಿಗಳನ್ನು ದೇವರೆಂದು ಕರೆದವರು ಅದನ್ನು ಕಂಡಿದ್ದರೆ ನೊಂದುಕೊಳ್ಳುತ್ತಿದ್ದರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅವರ ಕಣ್ಣುಗಳು. ಅವನ್ನು ದಾನ ಮಾಡಲಾಯಿತು. ಪರದೆಯ ಮೇಲೆ ಮೊದಲ ಬಾರಿ ನಾಯಕನಾದಾಗ ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡನ ಪಾತ್ರ. ಕೊನೆಗೆ ಕಂಡರಿಯದ ಇಬ್ಬರಿಗೆ ಬೆಳಕು ಕೊಟ್ಟ ನಿಜದ ಪಾತ್ರ. ‘ಬೇಡರ ಕಣ್ಣಪ್ಪ’ದ ಕಥೆ ಅಲ್ಲಿಗೆ ಪೂರ್ತಿಯಾಯಿತು.

ಪಾರ್ವತಮ್ಮನವರು 2017ರ ಮೇ 31ರಂದು ಅಗಲಿದರು. ಬಾಲನಟನಾಗಿ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ, ಬಾಲಗಾಯಕನಾಗಿ ನಾಡಿನ ಮಕ್ಕಳಿಗೆಲ್ಲ ಬೇಕಾಗಿದ್ದ ಕಿರಿಯ ಮಗ ಪುನೀತ್, 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ತಂದೆಯಂತೆಯೇ ಅವರ ಕಣ್ಣುಗಳೂ ದಾನವಾದವು. ಅನಂತರದ ದಿನಗಳಲ್ಲಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಬೆಂಗಳೂರಿನ ಕಂಠೀರವ ಸ್ಟುಡಿಯೋದ ಆವರಣದಲ್ಲಿ ಮೂವರ ಸಮಾಧಿಗಳೂ ಒಂದೆಡೆ ಇವೆ. ಪಿರಿಯಾಪಟ್ಟಣದ ಕೋಟೆಯನ್ನು ಗೆದ್ದ ಅರಸನ ಬಿರುದನ್ನು ನೆನಪಿಸುವ ಹೆಸರಿನ ಅಂಗಳದಲ್ಲಿ, ಆ ಅರಸನ ವೇಷ ತೊಟ್ಟವರು ಮಲಗಿದ್ದಾರೆ.

ಗಾಜನೂರಿನಲ್ಲಿ ರಾಜಕುಮಾರರ ತಂಗಿಯೊಬ್ಬರು ಇಳಿವಯಸ್ಸಿನವರೆಗೂ ಬಾಳಿ 2025ರಲ್ಲಿ ತೀರಿಕೊಂಡರು. ಪುನೀತರನ್ನು ಎತ್ತಿ ಆಡಿಸಿದ ಆ ಸೋದರತ್ತೆಗೆ ಆತನ ಸಾವಿನ ಸುದ್ದಿಯನ್ನು ಮನೆಯವರು ತಿಳಿಸಿರಲೇ ಇಲ್ಲವೆಂದು ಪತ್ರಿಕೆಗಳು ಬರೆದವು. ಇಡೀ ಕರ್ನಾಟಕ ಅತ್ತಾಗ, ಗಡಿಯಾಚೆಯ ಒಂದು ಮನೆಯಲ್ಲಿ ಮಾತ್ರ ಆ ಹುಡುಗ ಎಲ್ಲೋ ಚಿತ್ರೀಕರಣಕ್ಕೆ ಹೋಗಿದ್ದಾನೆ, ಇಂದಲ್ಲ ನಾಳೆ ಬರುತ್ತಾನೆ ಎಂಬ ಭಾವ ಉಳಿದಿತ್ತು. ಕೀರ್ತಿಯ ಮನೆತನವಾದರೂ ಅದು ಹಿರಿಯ ಜೀವದ ಎದೆಗೆ ಹೆದರುವ ನಮ್ಮನಿಮ್ಮಂಥ ಮನೆತನವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಶಿವರಾಜಕುಮಾರರೂ ರಾಘವೇಂದ್ರರೂ ಇಲ್ಲಿಗೆ ಬಂದುಹೋಗುವುದನ್ನು ಬಿಟ್ಟಿಲ್ಲ. ಮೂರನೆಯ ತಲೆಮಾರೂ ಬಣ್ಣ ಹಚ್ಚಿದೆ.

ಹೊರಡುವವರಿಗೆ ಒಂದೆರಡು ಮಾತು. ಕೊಪ್ಪದಿಂದ ಬೆಳಗ್ಗೆ ಹೊರಟು ಸಾಲಿಗ್ರಾಮವನ್ನು ನೋಡಿಕೊಂಡು ಮೈಸೂರಿನಲ್ಲಿ ತಂಗುವುದು ಸುಖಕರ. ಮರುದಿನ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಗಾಜನೂರನ್ನು ತಲುಪಬಹುದು. ಕಾಡಿನ ಸೀಮೆಯಾದ್ದರಿಂದ ಬೆಳಕಿರುವಾಗಲೇ ಹಿಂದಿರುಗುವುದು ಲೇಸು. ಮುತ್ತತ್ತಿಗೆ ಹೋಗುವವರು ಮಡುವಿನ ನೀರಿಗೆ ಇಳಿಯಬಾರದು; ಅಲ್ಲಿನ ಸುಳಿಗಳು ಅಪಾಯಕರ. ಮಕ್ಕಳನ್ನು ಕರೆದೊಯ್ದಿದ್ದರೆ ಭೂಪಟವೊಂದು ಜೊತೆಗಿರಲಿ. ತಾಳವಾಡಿಯ ಬಸ್ಸಿನಲ್ಲಿ ಕುಳಿತು, ಫಲಕದ ಮೇಲಿನ ತಮಿಳು ಅಕ್ಷರಗಳನ್ನು ನೋಡುತ್ತ, ಪಕ್ಕದ ಸೀಟಿನ ಅಜ್ಜಿಯರು ಮೊಮ್ಮಕ್ಕಳನ್ನು ಗದರುವ ಅಚ್ಚಗನ್ನಡವನ್ನು ಅವರು ಕೇಳಲಿ. ರಾಜ್ಯದ ಗೆರೆ ಎಲ್ಲಿದೆ, ನುಡಿಯ ಗೆರೆ ಎಲ್ಲಿದೆ ಎಂಬುದು ಶಾಲೆಯ ಪುಸ್ತಕಕ್ಕಿಂತ ಆ ಒಂದು ಗಂಟೆಯ ಪ್ರಯಾಣದಲ್ಲಿ ಅವರಿಗೆ ಚೆನ್ನಾಗಿ ಮನವರಿಕೆಯಾದೀತು.